ಕೆಪ್ಲರ್ ಕಂಡ ಚಂದ್ರಲೋಕದ ಕನಸು

ವಿಜ್ಞಾನಿಗಳು ಕಥೆ ಬರೆಯುವುದುಂಟೆ? ಗ್ರಹಚಲನೆಯ ಮೂರು ನಿಯಮಗಳನ್ನು ಓದಿದ ವಿದ್ಯಾರ್ಥಿಗಳಿಗೆ ಯೊಹಾನೆಸ್ ಕೆಪ್ಲರ್ (1571-1630) ಪರಿಚಿತ. ಅದೇ ಕೆಪ್ಲರ್ ಚಂದ್ರಯಾನದ ಕಥೆಯೊಂದನ್ನೂ ಬರೆದಿದ್ದಾನೆ. ಲ್ಯಾಟಿನ್ ಭಾಷೆಯ ಆ ಕೃತಿಯ ಹೆಸರು 'ಸೋಮ್ನಿಯಮ್', ಅಂದರೆ ಕನಸು.

ಕಥೆಯ ಬೀಜ 1593ರಷ್ಟು ಹಿಂದಿನದು. ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂಬ ಕೋಪರ್ನಿಕಸನ ವಾದವನ್ನು ಆಗ ಒಪ್ಪಿದವರು ವಿರಳ. ಭೂಮಿ ಚಲಿಸುವುದಾದರೆ ನಮಗೇಕೆ ತಿಳಿಯುವುದಿಲ್ಲ ಎಂಬುದು ವಿರೋಧಿಗಳ ಪ್ರಶ್ನೆ. ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಕೆಪ್ಲರ್ ಅದಕ್ಕೆ ಮರುಪ್ರಶ್ನೆ ಹಾಕಿದ: ಚಂದ್ರನ ಮೇಲೆ ನಿಂತವನಿಗೆ ಆಕಾಶ ಹೇಗೆ ಕಂಡೀತು? ಈ ಚರ್ಚೆಗೆ ಪ್ರಾಧ್ಯಾಪಕರು ಅವಕಾಶ ಕೊಡಲಿಲ್ಲ. ಮುಂದೆ ಪ್ರಾಗ್ ನಗರದಲ್ಲಿ ಚಕ್ರವರ್ತಿಯ ಗಣಿತಜ್ಞನಾಗಿದ್ದಾಗ, 1609ರ ಸುಮಾರಿಗೆ, ಆತ ಅದನ್ನೇ ಕಥೆಯಾಗಿಸಿದ.

ಕಥಾನಾಯಕ ಡುರಾಕೋಟಸ್ ಐಸ್‌ಲೆಂಡಿನವನು. ತಾಯಿ ನಾವಿಕರಿಗೆ ಗಿಡಮೂಲಿಕೆಯ ಚೀಲಗಳನ್ನು ಮಾರುವವಳು. ಖಗೋಳಜ್ಞ ಟೈಕೊ ಬ್ರಾಹೆಯ ಬಳಿ ಐದು ವರ್ಷ ಕಲಿತು ಬಂದ ಮಗನಿಗಾಗಿ ಆಕೆ ಒಂದು ಅಶರೀರ ಶಕ್ತಿಯನ್ನು ಕರೆಯುತ್ತಾಳೆ. ಚಂದ್ರಲೋಕದ ವರ್ಣನೆ ಅದರ ಬಾಯಿಂದಲೇ ಬರುತ್ತದೆ. ದಾರಿಯಲ್ಲಿ ಅತಿ ಚಳಿ; ಉಸಿರಾಟಕ್ಕೆ ಮೂಗಿಗೆ ಒದ್ದೆ ಸ್ಪಂಜು. ಅಲ್ಲಿ ಹಗಲು ನಮ್ಮ ಸುಮಾರು ಹದಿನಾಲ್ಕು ದಿನ, ರಾತ್ರಿಯೂ ಅಷ್ಟೇ. ನಮಗೆ ಕಾಣುವ ಪಾರ್ಶ್ವದ ನಿವಾಸಿಗಳಿಗೆ ಭೂಮಿ ಮೊಳೆ ಹೊಡೆದಂತೆ ಆಕಾಶದಲ್ಲಿ ಒಂದೆಡೆ ನಿಂತು ತಿರುಗುತ್ತಿರುತ್ತದೆ. ತಮ್ಮ ಲೋಕ ಮಾತ್ರ ನಿಶ್ಚಲವೆಂದು ಅವರ ನಂಬಿಕೆ. ಅವರು ತಪ್ಪಿದ್ದರೆ ನಾವೂ ತಪ್ಪಿರಬಹುದಲ್ಲವೆ? ಕಥೆಯ ತಿರುಳು ಇದೇ.

1611ರಲ್ಲಿ ಹಸ್ತಪ್ರತಿಯ ಒಂದು ನಕಲು ಹೊರಗೆ ಹೋಯಿತು. ಕೆಪ್ಲರ್ ಕೂಡ ಟೈಕೊನ ಸಹಾಯಕನಾಗಿದ್ದವನು. ಆತನ ತಾಯಿ ಕಾಥರೀನಾ ಕೂಡ ಮನೆಮದ್ದು ಕೊಡುತ್ತಿದ್ದವಳು. 1615ರಲ್ಲಿ, ಆಕೆ ಕೊಟ್ಟ ಪಾನೀಯದಿಂದ ಕಾಯಿಲೆ ಬಿದ್ದೆನೆಂದು ಊರಿನ ಹೆಂಗಸೊಬ್ಬಳು ದೂರಿದಳು. ಮಾಟಗಾತಿ ಎಂಬ ಆರೋಪ ಬಂತು. 1620ರ ಆಗಸ್ಟಿನಲ್ಲಿ, ಎಪ್ಪತ್ತು ದಾಟಿದ ಆಕೆಯ ಬಂಧನವಾಯಿತು. ತಪ್ಪಿತಸ್ಥಳೆಂದಾದರೆ ಮರಣದಂಡನೆ. ಕೆಪ್ಲರ್ ತನ್ನ ಕೆಲಸ ಬಿಟ್ಟು ಬಂದು ತಾಯಿಯ ಪರ ವಾದಿಸಿದ. ಸುಮಾರು ಹದಿನಾಲ್ಕು ತಿಂಗಳು ಆಕೆ ಸೆರೆಯಲ್ಲಿ ಸಂಕೋಲೆಯಲ್ಲಿದ್ದಳು. ಚಿತ್ರಹಿಂಸೆಯ ಸಲಕರಣೆಗಳನ್ನು ತೋರಿಸಿ ಬೆದರಿಸಿದರೂ ತಪ್ಪೊಪ್ಪಿಗೆ ಕೊಡಲಿಲ್ಲ. 1621ರ ಅಕ್ಟೋಬರಿನಲ್ಲಿ ಬಿಡುಗಡೆಯಾಯಿತು. ಮರುವರ್ಷ ಏಪ್ರಿಲಿನಲ್ಲಿ ತೀರಿಕೊಂಡಳು.

ತನ್ನ ಕಥೆಯೇ ಈ ವದಂತಿಗೆ ಕಾರಣವಾಯಿತೆಂದು ಕೆಪ್ಲರ್ ನಂಬಿದ್ದ. ಊರಿನ ಜಗಳಗಳೇ ಮುಖ್ಯ ಕಾರಣವೆಂಬುದು ಈಗಿನ ಇತಿಹಾಸಕಾರರ ಅಭಿಪ್ರಾಯ. ಅದೇನೇ ಇರಲಿ, ಆತ ಕಥೆಯನ್ನು ಸುಟ್ಟುಹಾಕಲಿಲ್ಲ. ಮುಂದಿನ ವರ್ಷಗಳಲ್ಲಿ ಅದಕ್ಕೆ 223 ಟಿಪ್ಪಣಿಗಳನ್ನು ಬರೆದ. ಅವು ಕಥೆಗಿಂತಲೂ ದೀರ್ಘ. ಪ್ರತಿ ಕಲ್ಪನೆಯ ಹಿಂದಿನ ಲೆಕ್ಕಾಚಾರ ಅಲ್ಲಿದೆ. ಕಥೆಯ ತಾಯಿ ಅಜ್ಞಾನದ ಸಂಕೇತ, ಮಗ ವಿಜ್ಞಾನದ ಸಂಕೇತ. ಜನರ ನಡುವೆ ಆ ತಾಯಿ ಬದುಕಿರುವ ತನಕ ಮಗ ಸತ್ಯ ನುಡಿಯುವುದು ಅಪಾಯ ಎಂದೂ ಆತ ವಿವರಿಸಿದ್ದಾನೆ. ಮುದ್ರಣ ಮುಗಿಯುವ ಮುನ್ನವೇ ಕೆಪ್ಲರ್ ತೀರಿಕೊಂಡ. ಮಗ ಲುಡ್ವಿಗ್ 1634ರಲ್ಲಿ ಪುಸ್ತಕ ಪ್ರಕಟಿಸಿದ.

1969ರಲ್ಲಿ ಮಾನವ ಚಂದ್ರನ ಮೇಲೆ ನಿಂತು ಭೂಮಿಯನ್ನು ನೋಡಿದ. ಆ ನೋಟವನ್ನು ಕೆಪ್ಲರ್ ಮೂರೂವರೆ ಶತಮಾನ ಮೊದಲೇ, ಗಣಿತದ ಬಲದಿಂದ, ಕಂಡಿದ್ದ. ನಿಂತ ನೆಲವನ್ನು ಮನಸ್ಸಿನಲ್ಲಾದರೂ ಬಿಟ್ಟು ಹೊರಗಿನಿಂದ ನೋಡುವುದೇ ವಿಜ್ಞಾನದ ಮೊದಲ ಪಾಠ.