ಅಡಿಗೆಮನೆಯ ಮಣೆಯೂ ಬಣ್ಣಮರದ ಚಿತ್ತಾರವೂ

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಹಳೆಯ ಮನೆಗಳಲ್ಲಿ ಮಣೆಗಳಿಗೆ ಕೊರತೆಯಿಲ್ಲ. ಮದುವೆಗೆ ಹಸೆಮಣೆ, ಉಣ್ಣುವಾಗ ಕೂಡಲಿಕ್ಕೆ ಬೇರೆ ಮಣೆ, ಹೋಳಿಗೆಗೆ ಲಟ್ಟಣಿಗೆಯ ಮಣೆ, ಕಾಯಿಪಲ್ಯ ಹೆಚ್ಚಲು ಈಳಿಗೆಮಣೆ. ಆದರೆ ಬೇರೆ ಬೇರೆ ಬಣ್ಣದ ಮರದ ತುಂಡುಗಳನ್ನು ಕೂಡಿಸಿ, ಚೌಕುಳಿಯಾಗಿಯೋ ಪಟ್ಟೆಪಟ್ಟೆಯಾಗಿಯೋ ಚಿತ್ತಾರವನ್ನೆಬ್ಬಿಸಿದ ಹೆಚ್ಚುಮಣೆ ಮಾತ್ರ ಅವುಗಳಲ್ಲಿ ಕಾಣದು. ಇಂದು ಹವ್ಯಾಸಿಗಳು ಮನೆಯ ಮೂಲೆಯಲ್ಲಿಯೇ ಕುಳಿತು ಮಾಡುವ ಈ ವಸ್ತುವು ಹಿಂದಿನವರಿಗೆ ಏಕೆ ಒದಗಲಿಲ್ಲ? ಬಡಿಗರಿಗೆ ಜಾಣ್ಮೆ ಸಾಲದಾಯಿತೆಂದು ಹೇಳುವುದು ಸುಲಭ. ಆದರೆ ಅದು ನ್ಯಾಯವಲ್ಲ.

ತುಂಡುಗಳನ್ನು ಕೂಡಿಸಿ ಚಿತ್ತಾರ ಮಾಡುವ ಬುದ್ಧಿ ಈ ಸೀಮೆಗೆ ಹೊಸದಲ್ಲ. ಹಾನಗಲ್ಲಿನ ತಾರಕೇಶ್ವರ ಗುಡಿಯ ಎಂಟು ಮೂಲೆಯ ಛತ್ತಿನ ದೊಡ್ಡ ಕಮಲವನ್ನು ನೋಡಿದವರು ಇದನ್ನು ಬಲ್ಲರು. ಶಿಗ್ಗಾಂವಿ ತಾಲೂಕಿನ ಬಂಕಾಪುರದ ನಗರೇಶ್ವರ ಗುಡಿಯ ಕಂಬಗಳಾದರೋ ಮರವನ್ನು ತಿರುಗಣಿಗೆ ಕೊಟ್ಟು ಕಡೆದಂತೆ ನುಣುಪಾಗಿವೆ. ಕಲ್ಲಿನಲ್ಲಿ ಇಷ್ಟನ್ನು ಸಾಧಿಸಿದ ನಾಡಿನಲ್ಲಿ ಮರಗೆಲಸ ಹಿಂದೆ ಬಿದ್ದಿರಲಾರದು. ಹಳ್ಳಿಯ ಬಡಿಗನು ಆಯಗಾರರಲ್ಲಿ ಒಬ್ಬನು. ನೇಗಿಲು ಕೂರಿಗೆಗಳನ್ನು ನೆಟ್ಟಗಿಟ್ಟು, ಸುಗ್ಗಿಯ ಕಣದಲ್ಲಿ ತನ್ನ ಪಾಲಿನ ಕಾಳನ್ನು ಪಡೆಯುತ್ತಿದ್ದನು. ಅವನ ಮನೆಯ ಅಂಗಳವೇ ಅವನ ಕಾರ್ಖಾನೆ. ಬಾಚಿ, ಉಳಿ, ಗರಗಸಗಳೇ ಅವನ ಬಂಡವಾಳ.

ಹೀಗಿರಲು ಕಾರಣವನ್ನು ಬೇರೆಡೆಗೆ ಹುಡುಕಬೇಕಾಗುತ್ತದೆ. ಮೊದಲನೆಯ ಕಾರಣ ಈಳಿಗೆಯೇ. ಚಾಕುವಿನಿಂದ ಹೆಚ್ಚುವಲ್ಲಿ ಕಾಯಿ ನಿಂತಿರುತ್ತದೆ, ಅಲಗು ಚಲಿಸುತ್ತದೆ. ಪೆಟ್ಟು ಮಣೆಗೆ ತಾಕುತ್ತದೆ. ಈಳಿಗೆಯಲ್ಲಿಯೋ ಅಲಗು ನಿಂತಿರುತ್ತದೆ, ಕಾಯಿ ಚಲಿಸುತ್ತದೆ. ಮಣೆಯು ಅಲಗಿಗೆ ಆಧಾರ, ಹೆಚ್ಚುವವಳ ಕಾಲಿಗೆ ಒತ್ತು, ಅಷ್ಟೇ. ಅದರ ಮೈಮೇಲೆ ಕೊಯ್ತವೇ ಇಲ್ಲದ ಮೇಲೆ, ಕೊಯ್ತವನ್ನು ತಾಳುವ ಮಣೆಯ ಚಿಂತೆ ಯಾರಿಗೆ ಹುಟ್ಟೀತು?

ಎರಡನೆಯ ಕಾರಣ ಅಂಟು. ತೊಗಲು ಮೂಳೆಗಳನ್ನು ಕುದಿಸಿ ತೆಗೆದ ಹಳೆಯ ಅಂಟು ಒಣಗಿದಾಗ ಗಟ್ಟಿ. ನೀರು ತಾಕಿತೆಂದರೆ ಮೆದುವಾಗಿ ಬಿಡುತ್ತದೆ. ಆದಕಾರಣ ಅಂಟಿನ ಚಿತ್ತಾರವು ನೀರಿಲ್ಲದ ಎಡೆಯಲ್ಲಿಯೇ ಬೆಳೆಯಿತು. ಮೈಸೂರಿನ ಜಡಿಕೆ ಕೆಲಸವು ಇದಕ್ಕೆ ಉತ್ತಮ ನಿದರ್ಶನ. ಅಲ್ಲಿ ಬೀಟೆಯ ಹಲಗೆಯಲ್ಲಿ ಗುಂಡಿ ತೋಡಿ, ಬೇರೆ ಬಣ್ಣದ ಮರದ ತೆಳುವಾದ ಚೂರುಗಳನ್ನು ಕೂಡಿಸಿ, ತಿಕ್ಕಿ ಮೆರುಗು ಕೊಡುತ್ತಾರೆ. ಹಳದಿಗೆ ಹಲಸು, ಕಪ್ಪಿಗೆ ಕರಿಮರ. 1897ರಲ್ಲಿ ಹಳೆಯ ಮರದ ಅರಮನೆ ಸುಟ್ಟಮೇಲೆ ಕಟ್ಟಿ 1912ರಲ್ಲಿ ಮುಗಿಸಿದ ಅರಮನೆಯ ಅಂಬಾವಿಲಾಸದಲ್ಲಿ ದಂತ ಜಡಿದ ಬೀಟೆಯ ಬಾಗಿಲುಗಳಿವೆ. ಬಾಗಿಲು, ಪೆಟ್ಟಿಗೆ, ಚದುರಂಗದ ಮಣೆ ಇವೆಲ್ಲ ಒಣ ವಸ್ತುಗಳು. ದಿನಕ್ಕೆರಡು ಸಲ ತೊಳೆಯುವ ಅಡಿಗೆಮನೆಯ ಮಣೆಗೆ ಅದೇ ಜಡಿಕೆ ಒಂದು ತಿಂಗಳೂ ನಿಲ್ಲುತ್ತಿರಲಿಲ್ಲ.

ಹಾಗಾದರೆ ಕತ್ತಿಯ ಪೆಟ್ಟನ್ನು ತಾಳುವ ಮರವು ಈ ನಾಡಿನವರಿಗೆ ತಿಳಿಯದೆ? ತಿಳಿದಿತ್ತು. ಮಾಂಸ ಮಾರುವವರ ಕೊರಡನ್ನು ನೋಡಿದರೆ ಸಾಕು. ಅದು ಹುಣಸೆಯ ಬೊಡ್ಡೆಯನ್ನು ಅಡ್ಡಲಾಗಿ ಕೊಯ್ದ ತುಂಡು. ಮರದ ನಾರುಗಳು ಅದರಲ್ಲಿ ನೆಟ್ಟಗೆ ನಿಂತಿರುತ್ತವೆ. ಅಲಗು ನಾರನ್ನು ಕಡಿಯದೆ ನಾರುಗಳ ನಡುವೆ ಇಳಿಯುತ್ತದೆ. ಗಾಯ ತಾನೇ ಕೂಡಿಕೊಳ್ಳುತ್ತದೆ. ಇಲ್ಲೊಂದು ವಿನೋದವುಂಟು. ಸವಣೂರಿನಲ್ಲಿ ಹೆಸರಾದ ‘ದೊಡ್ಡಹುಣಸೆ’ ಹುಣಸೆಯೇ ಅಲ್ಲ, ಆಫ್ರಿಕಾ ಮೂಲದ ಬೇರೊಂದು ಜಾತಿ. ಹಲವರು ಕೈ ಹಿಡಿದು ತಬ್ಬಬೇಕಾದ ಆ ಮರದ ಒಳಗೆಲ್ಲ ನೀರುಂಡ ಬೆಂಡು; ಒಂದು ಮಣೆಗೂ ಬಾರದು. ಗಾತ್ರದಿಂದ ಮರದ ಬೆಲೆ ಕಟ್ಟಬಾರದೆಂಬುದನ್ನು ಬಡಿಗನ ಉಳಿ ಬಲ್ಲದು.

20ನೆಯ ಶತಮಾನದಲ್ಲಿ ನೀರಿಗೆ ಬಿಡದ ಅಂಟುಗಳು ಬಂದವು. ಕಟ್ಟೆಯ ಮೇಲಿನ ಅಡಿಗೆಯೊಡನೆ ಚಾಕುವೂ ಬಂದಿತು. ಎರಡು ಅಡ್ಡಿಗಳೂ ಹೀಗೆ ತೊಲಗಿದವು. ಇಂದಿನ ಚೌಕುಳಿಯ ಹೆಚ್ಚುಮಣೆಯು ಹುಣಸೆಯ ಕೊರಡಿನ ಗುಣವನ್ನೂ ಜಡಿಕೆಯ ಅಂದವನ್ನೂ ಒಂದುಗೂಡಿಸಿದ ವಸ್ತು. ಆದರೆ ಹಳೆಯ ನಿಯಮವೊಂದು ಬದಲಾಗಲಿಲ್ಲ. ಮರವು ನೀರುಂಡರೆ ಅಗಲಕ್ಕೆ ಉಬ್ಬುತ್ತದೆ, ಉದ್ದಕ್ಕೆ ಉಬ್ಬುವುದು ಅತ್ಯಲ್ಪ. ಆದುದರಿಂದ ಎಲ್ಲ ತುಂಡುಗಳ ನಾರೂ ಒಂದೇ ದಿಕ್ಕಿಗಿರಬೇಕು. ಒಂದು ಅಡ್ಡವಾದರೆ ಉಳಿದವನ್ನೆಲ್ಲ ಸೀಳುತ್ತದೆ.

ಸಾಮಗ್ರಿಯ ವಿಷಯದಲ್ಲಿಯೂ ವಿವೇಕ ಬೇಕು. ದೇಶದ ದಂತದ ವ್ಯಾಪಾರ 1986ರ ಕಾಯಿದೆಯಿಂದ ನಿಂತಿತು. ಬೀಟೆಯೂ 2017ರಿಂದ ಅಂತರರಾಷ್ಟ್ರೀಯ ವ್ಯಾಪಾರದ ಕಟ್ಟಿಗೆ ಒಳಪಟ್ಟಿದೆ. ಚಿತ್ತಾರದ ಮಣೆಗೆ ಹೊಸ ಮರ ಕಡಿಯಬೇಕಾದುದಿಲ್ಲ, ಗೇಣುದ್ದದ ಚೂರುಗಳೇ ಸಾಕು. ಹಳೆಯ ಮನೆ ಕೆಡವಿದಾಗ ಒಲೆಗೆ ಹೋಗುವ ತೊಲೆ, ಜಂತಿ, ಚೌಕಟ್ಟುಗಳಲ್ಲಿ ಹತ್ತಾರು ಮಳೆಗಾಲ ಕಂಡು ಪಳಗಿದ ಸಾಗವಾನಿಯೂ ಮತ್ತಿಯೂ ಇರುತ್ತವೆ. ಅಜ್ಜನ ಮನೆಯ ತೊಲೆಯು ಮೊಮ್ಮಗಳ ಅಡಿಗೆಮನೆಯಲ್ಲಿ ಮಣೆಯಾಗಿ ಉಳಿಯಬಹುದು. ಆದರೆ ಯಾವ ತುಂಡು ಯಾವ ಮರದ್ದು, ಅದು ಎತ್ತ ಬಾಗೀತು ಎಂಬುದನ್ನು ಬೆರಳಿನಿಂದಲೇ ತಿಳಿಯುವ ಬಡಿಗರು ಊರೂರಿನಲ್ಲಿ ಮುಪ್ಪಾಗುತ್ತಿದ್ದಾರೆ. ಅಂಟು ಅಂಗಡಿಯಲ್ಲಿ ದೊರೆಯುತ್ತದೆ. ಈ ತಿಳಿವು ಅಲ್ಲಿ ದೊರೆಯದು. ಅವರಿರುವಾಗಲೇ ಕೇಳಿ ಕಲಿಯುವುದು ಕಿರಿಯರ ಕೆಲಸ.