ಕಲಿಯುತ್ತಲೇ ಕಲಿಸಿದ ಮೇಷ್ಟ್ರು



ಕಲಿಸಬೇಕಾದ ವಿಷಯವೇ ತನಗೆ ಸರಿಯಾಗಿ ಬಾರದೆಂದು ಗೊತ್ತಿದ್ದೂ ಪ್ರಾಧ್ಯಾಪಕನ ಹುದ್ದೆ ಒಪ್ಪಿಕೊಂಡವರಿಗೆ ನೀವು ಏನೆನ್ನುತ್ತೀರಿ? 1871ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ಸಂಗೀತ ವಿದ್ಯಾಲಯದಲ್ಲಿ ಅಂಥದೇ ಒಂದು ನೇಮಕ ನಡೆಯಿತು. ಮೇಷ್ಟ್ರ ವಯಸ್ಸು 27, ಕೆಲಸ ನೌಕಾಪಡೆಯಲ್ಲಿ, ಹೆಸರು ನಿಕೊಲಾಯ್ ರಿಮ್‌ಸ್ಕಿ-ಕೊರ್ಸಕೋವ್.

1844ರಲ್ಲಿ ತಿಖ್ವಿನ್ ಎಂಬ ಪುಟ್ಟ ಊರಿನಲ್ಲಿ ಹುಟ್ಟಿದ ಇವರು 12ನೇ ವಯಸ್ಸಿಗೇ ನೌಕಾಶಾಲೆ ಸೇರಿದರು. ಬಲಕಿರೆವ್ ಎಂಬ ಸಂಗೀತಗಾರರ ಒಡನಾಟದಲ್ಲಿ, ಕಿವಿಯನ್ನೇ ನಂಬಿ ಸಂಗೀತ ಬರೆಯಲು ಕಲಿತರು. ಇವರ ಮೊದಲ ಸಿಂಫನಿಯನ್ನು 1865ರಲ್ಲೇ ಜನ ಕೇಳಿದ್ದರು. ಆದರೆ ಸ್ವರಮೇಳದ ಶಾಸ್ತ್ರ? ಅದರ ಮೊದಲ ಪಾಠಗಳೇ ತಮಗೆ ತಿಳಿದಿರಲಿಲ್ಲವೆಂದು ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ.

ಹುದ್ದೆಗೆ ಬಂದ ಮೇಲೆ ಮೇಷ್ಟ್ರೇ ಶಿಷ್ಯರಾದರು. ಪುಸ್ತಕ ಹಿಡಿದು ಕೂತು, ವರ್ಷಗಟ್ಟಲೆ ಅಭ್ಯಾಸ ಮಾಡಿದರು. 1875ರಲ್ಲಿ ತಾವು ಬರೆದ ಫ್ಯೂಗ್‌ಗಳನ್ನು ಚೈಕಾವ್‌ಸ್ಕಿಯವರಿಗೆ ಕಳಿಸಿ ಅಭಿಪ್ರಾಯ ಕೇಳಿದರು. ಈ ಶ್ರಮದ ಫಲವನ್ನು 1888ರ 'ಷೆಹೆರಜಾದೆ'ಯಲ್ಲಿ ಕೇಳಬಹುದು. ಒಂಟಿ ಪಿಟೀಲು ಕಥೆ ಹೇಳುತ್ತದೆ, ಇಡೀ ವಾದ್ಯವೃಂದ ಕಡಲಾಗಿ ಉಕ್ಕುತ್ತದೆ. ತೀರಿಕೊಂಡ ಗೆಳೆಯರ ಅಪೂರ್ಣ ಕೃತಿಗಳನ್ನು ಪೂರ್ಣಗೊಳಿಸಿದವರೂ ಇವರೇ. ಮುಸೋರ್ಗ್‌ಸ್ಕಿಯವರ ಸಂಗೀತವನ್ನು ಅತಿಯಾಗಿ ತಿದ್ದಿದರೆಂಬ ಆಕ್ಷೇಪ ಇಂದಿಗೂ ಇದೆ.

ಆದರೆ ಮೇಷ್ಟ್ರ ನಿಜವಾದ ಪರೀಕ್ಷೆ ನಡೆದದ್ದು 1905ರಲ್ಲಿ. ಆ ಜನವರಿಯಲ್ಲಿ ಪೀಟರ್ಸ್‌ಬರ್ಗಿನ ಬೀದಿಯಲ್ಲಿ ಕಾರ್ಮಿಕರ ಮೇಲೆ ಸೈನಿಕರು ಗುಂಡು ಹಾರಿಸಿದ್ದರು. ವಿದ್ಯಾಲಯದ ವಿದ್ಯಾರ್ಥಿಗಳು ಮುಷ್ಕರ ಹೂಡಿದರು. 60 ದಾಟಿದ ರಿಮ್‌ಸ್ಕಿ-ಕೊರ್ಸಕೋವ್ ಬಹಿರಂಗವಾಗಿ ಹುಡುಗರ ಪರ ನಿಂತರು, ಕೆಲಸ ಕಳೆದುಕೊಂಡರು. ಅದನ್ನು ಪ್ರತಿಭಟಿಸಿ ಅವರ ಹಳೆಯ ಶಿಷ್ಯರಾದ ಗ್ಲಾಜುನೋವ್ ಮತ್ತು ಲ್ಯಾದೊವ್ ತಾವೂ ರಾಜೀನಾಮೆ ಕೊಟ್ಟು ಹೊರಬಂದರು. ಗುರುವಿಗೆ ಇದಕ್ಕಿಂತ ದೊಡ್ಡ ದಕ್ಷಿಣೆ ಯಾವುದಿದೆ ಹೇಳಿ? ವರ್ಷ ಮುಗಿಯುವುದರೊಳಗೆ ಗ್ಲಾಜುನೋವ್ ನಿರ್ದೇಶಕರಾದರು, ಮೇಷ್ಟ್ರು ಮರಳಿ ತರಗತಿಗೆ ಬಂದರು.

1908ರಲ್ಲಿ ಅವರು ತೀರಿಕೊಂಡಾಗ ಸ್ಟ್ರವಿನ್‌ಸ್ಕಿ, ಪ್ರೊಕೊಫಿಯೆವ್‌ರಂಥ ಶಿಷ್ಯರ ಕಾಲ ಆರಂಭವಾಗುತ್ತಿತ್ತು. ಆ ವಿದ್ಯಾಲಯಕ್ಕೆ ಇಂದು ಅವರದೇ ಹೆಸರು.

ಅಂದಹಾಗೆ, ಅವರ 'ಸಾದ್ಕೊ' ಒಪೆರಾದಲ್ಲಿ ಭಾರತದ ವರ್ತಕನೊಬ್ಬ ತನ್ನ ನಾಡಿನ ಸಿರಿಯನ್ನು ಹಾಡುತ್ತಾನೆ. 'ಭಾರತದ ಹಾಡು' ಎಂದೇ ಅದು ಜಗತ್ತಿನಲ್ಲೆಲ್ಲ ಹೆಸರಾಗಿದೆ. ಬಿಡುವಾದಾಗ ಹುಡುಕಿ ಕೇಳಿ. ಕಲಿಯಲು ನಾಚದ ಮೇಷ್ಟ್ರೊಬ್ಬರ ಕೈಕೆಲಸ ಅದು.