ಅಜ್ಜನ ಊರಿಗೆ ಗುಳೆ ಬಂದವರು

ಮೊನ್ನೆ ಪರಿಚಯದವರೊಬ್ಬರು ಫೋನ್ ಮಾಡಿದ್ರು. ಮಗನಿಗೆ ಟೋಕಿಯೋದಲ್ಲಿ ಕೆಲಸ ಸಿಕ್ಕಿದೆಯಂತೆ. ಹೆಂಡತಿ ಮತ್ತು ಏಳು ವರ್ಷದ ಮಗಳನ್ನೂ ಕರ್ಕೊಂಡು ಹೋಗ್ತಾನಂತೆ. "ಮಗು ಶಾಲೆ ಕಥೆ ಏನ್ರೀ ಅಲ್ಲಿ? ಜಪಾನ್ ಅಂದ್ರೆ ಶಿಸ್ತಿನ ದೇಶ, ಸರ್ಕಾರದೋರೇ ಎಲ್ಲಾ ನೋಡ್ಕೋತಾರೆ ಅಲ್ವಾ?" ಅಂತ ಕೇಳಿದ್ರು. ನಾನೂ ಹೂಂ ಅಂದುಬಿಟ್ಟೆ. ಫೋನ್ ಇಟ್ಟ ಮೇಲೆ ಅರ್ಧ ಸತ್ಯ ಹೇಳಿದೆ ಅನ್ನಿಸಿತು. ಶಿಸ್ತಿನ ಮಾತು ನಿಜ. ಆದರೆ ವಿದೇಶಿ ಮಕ್ಕಳ ಮಟ್ಟಿಗೆ ಆ ಶಿಸ್ತಿನಲ್ಲಿ ಒಂದು ದೊಡ್ಡ ತೂತಿದೆ. ಅದು ಎಷ್ಟು ದೊಡ್ಡದು ಅಂತ ತಿಳಿಯಬೇಕಾದರೆ ಬ್ರೆಜಿಲಿನಿಂದ ಬಂದ ಜಪಾನೀಯರ ಕಥೆ ಕೇಳಬೇಕು.

ಬ್ರೆಜಿಲಿನಿಂದ ಬಂದ ಜಪಾನೀಯರೇ? ಹೌದು. ಅದಕ್ಕೆ ನೂರು ವರ್ಷಕ್ಕಿಂತ ಸ್ವಲ್ಪ ಹಿಂದಕ್ಕೆ ಹೋಗೋಣ.

1908ರ ಏಪ್ರಿಲ್ 28ರಂದು ಕೋಬೆ ಬಂದರಿನಿಂದ 'ಕಸಾತೊ ಮಾರು' ಎಂಬ ಹಡಗು ಹೊರಟಿತು. ಅದರಲ್ಲಿ ಕರಾರಿನ ಮೇಲೆ ಕೂಲಿಗೆ ಹೊರಟ 781 ಜನ ಇದ್ದರು. ಜೂನ್ 18ಕ್ಕೆ ಅದು ಬ್ರೆಜಿಲಿನ ಸಾಂಟೋಸ್ ಬಂದರು ಮುಟ್ಟಿತು. ಬ್ರೆಜಿಲಿನಲ್ಲಿ ಗುಲಾಮಗಿರಿ ರದ್ದಾಗಿದ್ದು 1888ರಲ್ಲಿ. ಆಮೇಲೆ ಸಾವೊ ಪಾಲೊದ ಕಾಫಿ ತೋಟಗಳಿಗೆ ಇಟಲಿಯ ಆಳುಗಳು ಬಂದರು. ಅಲ್ಲಿನ ಕಷ್ಟ ನೋಡಿ ಇಟಲಿ ಸರ್ಕಾರ 1902ರಲ್ಲಿ, ತೋಟದವರು ಟಿಕೆಟ್ ಕೊಟ್ಟು ಕರೆಸಿಕೊಳ್ಳೋದನ್ನು ನಿಲ್ಲಿಸಿತು. ಇತ್ತ ಜಪಾನಿನ ಹಳ್ಳಿಗಳಲ್ಲಿ ಬಡತನ, ಅತ್ತ ಅಮೆರಿಕ ಜಪಾನಿ ಕೂಲಿಗಳಿಗೆ ಬಾಗಿಲು ಮುಚ್ಚುತ್ತಿತ್ತು. ಹೀಗಾಗಿ ಹಡಗು ಬ್ರೆಜಿಲಿನ ಕಡೆ ತಿರುಗಿತು.

ನಾಲ್ಕೈದು ವರ್ಷ ದುಡಿದು, ದುಡ್ಡು ಗಂಟುಕಟ್ಟಿ ಊರಿಗೆ ವಾಪಸ್ ಬರೋದು ಅವರ ಲೆಕ್ಕ. ಹೆಚ್ಚಿನವರಿಗೆ ಆ ಲೆಕ್ಕ ಕೂಡಿಬರಲಿಲ್ಲ. ತೋಟದ ಅಂಗಡಿಯ ಸಾಲ, ಜ್ವರ, ತಿಳಿಯದ ಭಾಷೆ. ಎಷ್ಟೋ ಜನ ರಾತ್ರೋರಾತ್ರಿ ತೋಟ ಬಿಟ್ಟು ಓಡಿದರು. ಆದರೂ ಹಡಗುಗಳು ಬರ್ತಾನೇ ಇದ್ದವು. ಎರಡನೇ ಮಹಾಯುದ್ಧ ಅವನ್ನು ನಿಲ್ಲಿಸುವ ಹೊತ್ತಿಗೆ ಸುಮಾರು 1.9 ಲಕ್ಷ ಜಪಾನೀಯರು ಬ್ರೆಜಿಲ್ ಸೇರಿದ್ದರು. ಸಣ್ಣಪುಟ್ಟ ಜಮೀನು ಮಾಡಿಕೊಂಡರು, ತರಕಾರಿ ಬೆಳೆದರು. ಮಕ್ಕಳಿಗೆ ಅಂತ ಜಪಾನಿ ಶಾಲೆ ಕಟ್ಟಿದರು, ಹೇಗಿದ್ದರೂ ವಾಪಸ್ ಹೋಗಬೇಕಲ್ಲ! 1938ರಲ್ಲಿ ವರ್ಗಾಸ್ ಸರ್ಕಾರ, ಎಲ್ಲರೂ ಬ್ರೆಜಿಲಿನವರಾಗಬೇಕು ಅಂತ ಹೇಳಿ ವಿದೇಶಿ ಭಾಷೆಯ ಶಾಲೆಗಳನ್ನು ಮುಚ್ಚಿಸಿತು. ಯುದ್ಧದಲ್ಲಿ ಜಪಾನ್ ಸೋತಿತು. ವಾಪಸ್ ಹೋಗುವ ಆಸೆಯೂ ಅಲ್ಲಿಗೆ ಮುಗಿಯಿತು. ಮೊಮ್ಮಕ್ಕಳು ಪೋರ್ಚುಗೀಸ್ ಮಾತಾಡ್ತಾ, ಡಾಕ್ಟರು, ಮೇಷ್ಟ್ರು, ವ್ಯಾಪಾರಸ್ಥರಾಗಿ ಬೆಳೆದರು. ಆದರೂ ಬೀದಿಯಲ್ಲಿ ಜನ ಅವರನ್ನು ಕರೆಯುತ್ತಿದ್ದದ್ದು 'ಜಪೊನೇಸ್' ಅಂತಲೇ.

ಕಥೆ ತಿರುಗಿದ್ದು 1980ರ ದಶಕದಲ್ಲಿ. ಬ್ರೆಜಿಲಿನಲ್ಲಿ ಹಣದುಬ್ಬರ ಎಂಥದ್ದೆಂದರೆ ಬೆಳಗ್ಗೆಯ ಬೆಲೆ ಸಂಜೆಗೆ ಇರುತ್ತಿರಲಿಲ್ಲ. ಜಪಾನಿನಲ್ಲಿ ಉಲ್ಟಾ. ಕಾರ್ಖಾನೆಗಳಲ್ಲಿ ಕೆಲಸ ರಾಶಿ, ಮಾಡುವ ಕೈ ಇಲ್ಲ. 'ಕಿತ್ಸುಯಿ, ಕಿತಾನಾಯ್, ಕಿಕೆನ್' ಅಂತ ಅವರು ಹೇಳೋ ಕಷ್ಟದ, ಕೊಳಕಾದ, ಅಪಾಯದ ಕೆಲಸಗಳಿಗೆ ಓದಿದ ಜಪಾನಿ ಹುಡುಗರು ಬರುತ್ತಿರಲಿಲ್ಲ. ಆದರೆ ವಿದೇಶಿ ಕೂಲಿಗಳನ್ನು ಕರೆಸುತ್ತೇವೆ ಅಂತ ಬಾಯಿಬಿಟ್ಟು ಹೇಳಲು ಸರ್ಕಾರಕ್ಕೂ ಇಷ್ಟವಿಲ್ಲ. ಆಗ ಸಿಕ್ಕ ಉಪಾಯವೇ ರಕ್ತಸಂಬಂಧ. 1990ರ ಜೂನ್‌ನಲ್ಲಿ ಜಾರಿಗೆ ಬಂದ ತಿದ್ದುಪಡಿ, ಜಪಾನಿ ವಂಶದ ಮೂರನೇ ತಲೆಮಾರಿನವರೆಗೆ 'ದೀರ್ಘಕಾಲದ ನಿವಾಸಿ' ವೀಸಾ ಕೊಟ್ಟಿತು. ಯಾವ ಕೆಲಸ ಬೇಕಾದರೂ ಮಾಡಬಹುದು, ಹೆಂಡತಿ ಮಕ್ಕಳನ್ನೂ ಕರೆತರಬಹುದು. ಕಾಗದದ ಮೇಲೆ ಅವರು ಕೂಲಿಗಳಲ್ಲ, ಅಜ್ಜನ ಮನೆ ನೋಡಲು ಬಂದ ನೆಂಟರು. ರಕ್ತ ಒಂದೇ ಆದ ಮೇಲೆ ಹೊಂದಿಕೊಳ್ಳೋದು ಸುಲಭ ಅನ್ನೋ ನಂಬಿಕೆ. ಆ ನಂಬಿಕೆಯಿಂದಲೇ ಭಾಷೆ ಕಲಿಸಲು, ಶಾಲೆಗಳನ್ನು ಸಜ್ಜು ಮಾಡಲು ದೇಶದ ಮಟ್ಟದಲ್ಲಿ ತಯಾರಿಯೇ ಆಗಲಿಲ್ಲ.

ಹೀಗೆ ಬಂದವರನ್ನು 'ದೆಕಸೆಗಿ' ಅಂತಾರೆ. ಮೊದಲು ಈ ಪದಕ್ಕೆ ಬೇರೆ ಸಂದರ್ಭ ಇತ್ತು. ಹಿಮ ಬೀಳುವ ಉತ್ತರದ ಹಳ್ಳಿಗಳ ರೈತರು ಚಳಿಗಾಲದಲ್ಲಿ ಪಟ್ಟಣಕ್ಕೆ ದುಡಿಯಲು ಹೋಗೋದಕ್ಕೆ ಹಾಗನ್ನುತ್ತಿದ್ದರು. ನಮ್ಮ ರಾಯಚೂರು, ಕಲಬುರಗಿ ಕಡೆಯ 'ಗುಳೆ' ಇದೆಯಲ್ಲ, ಅದೇ. ಈಗ ಆ ಪದ ಪೋರ್ಚುಗೀಸ್ ನಿಘಂಟಿಗೂ ಸೇರಿದೆ. 1990ರಲ್ಲಿ ಸುಮಾರು 56 ಸಾವಿರ ಇದ್ದ ಬ್ರೆಜಿಲಿಯನ್ನರು 2007ರ ಹೊತ್ತಿಗೆ 3.1 ಲಕ್ಷ ದಾಟಿದರು. ಸುಜುಕಿ, ಯಮಾಹಾ ಕಂಪನಿಗಳ ಊರಾದ ಹಮಾಮತ್ಸು, ಟೊಯೋಟಾ ನಗರ, ಗುನ್ಮಾ ಪ್ರಾಂತದ ಓಯಿಝುಮಿ ಎಂಬ ಸಣ್ಣ ಪಟ್ಟಣ ಅವರ ನೆಲೆಗಳಾದವು. ಹೆಚ್ಚಿನವರನ್ನು ಕಾರ್ಖಾನೆಗಳು ನೇರವಾಗಿ ಕೆಲಸಕ್ಕೆ ಇಟ್ಟುಕೊಳ್ಳಲಿಲ್ಲ. ನಡುವೆ ಗುತ್ತಿಗೆದಾರ. ವಿಮಾನದ ಟಿಕೆಟ್ಟು ಅವನದೇ, ಬಾಡಿಗೆ ಮನೆ ಅವನದೇ, ಬೆಳಗ್ಗೆ ಕಾರ್ಖಾನೆಗೆ ಕರೆದೊಯ್ಯುವ ವ್ಯಾನೂ ಅವನದೇ. ಬ್ರೆಜಿಲಿನಲ್ಲಿ ಮೇಷ್ಟ್ರಾಗಿದ್ದವರು ಇಲ್ಲಿ ಕಾರಿನ ಬಿಡಿಭಾಗ ಜೋಡಿಸುತ್ತಾ ನಿಂತರು. ಹತ್ತು ವರ್ಷ ಇದ್ದರೂ ಜಪಾನಿ ಮಾತಾಡುವ ಅಗತ್ಯವೇ ಬೀಳದ ಹಾಗೆ ದಿನ ಕಳೆಯಿತು.

ಊರಿನವರ ಜೊತೆ ಮೊದಲ ಜಗಳ ಶುರುವಾಗಿದ್ದು ಕಸದಿಂದ. ಸುಡುವ ಕಸ ಒಂದು ದಿನ, ಸುಡದ ಕಸ ಇನ್ನೊಂದು ದಿನ, ಬಾಟಲಿ ಬೇರೆ ದಿನ. ಗುತ್ತಿಗೆದಾರ ಇದನ್ನೆಲ್ಲ ಹೇಳಿಕೊಟ್ಟಿರಲಿಲ್ಲ. ಆಮೇಲೆ ರಾತ್ರಿಯ ಸಂಗೀತ, ವಾಹನ ನಿಲ್ಲಿಸುವ ಜಾಗ. ಮುಖ ಜಪಾನಿ, ನಡತೆ ಮಾತ್ರ ಪರದೇಶಿ ಅನ್ನೋದು ಅಕ್ಕಪಕ್ಕದವರಿಗೆ ಇನ್ನೂ ಕಿರಿಕಿರಿ. ಅಲ್ಲಿ ಜಪಾನಿ ಅನ್ನಿಸಿಕೊಂಡವರು ಇಲ್ಲಿ ಬ್ರೆಜಿಲಿನವರಾದರು. ಬ್ರೆಜಿಲಿನಲ್ಲಿ ಒಮ್ಮೆಯೂ ಸಾಂಬಾ ಕುಣಿಯದಿದ್ದವರು ಓಯಿಝುಮಿಯ ಬೇಸಿಗೆ ಹಬ್ಬದಲ್ಲಿ ಗರಿ ಕಟ್ಟಿಕೊಂಡು ಕುಣಿಯೋದನ್ನು ಕಲಿತರು. ಅದನ್ನು ನೋಡಲು ದೂರದೂರಿಂದ ಜಪಾನೀಯರೇ ಬಂದರು.

1998ರಲ್ಲಿ ಹಮಾಮತ್ಸುವಿನ ಒಂದು ಒಡವೆ ಅಂಗಡಿಯವನು, ಒಳಗೆ ಬಂದ ಹೆಂಗಸು ಬ್ರೆಜಿಲಿನವಳು ಅಂತ ಗೊತ್ತಾದ ಕೂಡಲೇ ಹೊರಗೆ ನಡಿ ಅಂದ. ಆಕೆ ಆನಾ ಬೋರ್ಟ್ಜ್ ಎಂಬ ಪತ್ರಕರ್ತೆ. ಸುಮ್ಮನೆ ಹೋಗಲಿಲ್ಲ, ಕೋರ್ಟಿಗೆ ಹೋದಳು. ಜನಾಂಗ ಭೇದ ಮಾಡಿದ ಅಂಗಡಿಯನ್ನು ಶಿಕ್ಷಿಸುವ ಕಾನೂನೇ ಜಪಾನಿನಲ್ಲಿ ಇರಲಿಲ್ಲ. ಆದರೆ ಜನಾಂಗ ತಾರತಮ್ಯದ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಜಪಾನ್ ಸೇರಿತ್ತು. 1999ರ ಅಕ್ಟೋಬರ್‌ನಲ್ಲಿ ನ್ಯಾಯಾಧೀಶರು ಅದನ್ನೇ ಆಧಾರವಾಗಿಟ್ಟುಕೊಂಡು ಆಕೆಗೆ ಪರಿಹಾರ ಕೊಡಿಸಿದರು.

ಇನ್ನು ಶಾಲೆ. ಜಪಾನಿನ ಸಂವಿಧಾನದ 26ನೇ ವಿಧಿ ಕಡ್ಡಾಯ ಶಿಕ್ಷಣದ ಮಾತಾಡುವಾಗ 'ಕೊಕುಮಿನ್' ಅನ್ನುತ್ತೆ, ಅಂದ್ರೆ ದೇಶದ ಪ್ರಜೆಗಳು. ಸರ್ಕಾರ ಇದಕ್ಕೆ ಕೊಡುವ ಅರ್ಥ ಏನೆಂದರೆ, ವಿದೇಶಿ ತಂದೆತಾಯಿ ಕೇಳಿದರೆ ಸರ್ಕಾರಿ ಶಾಲೆಯಲ್ಲಿ ಉಚಿತವಾಗಿ ಸೇರಿಸಿಕೊಳ್ಳಬೇಕು, ಆದರೆ ಕಳಿಸಲೇಬೇಕೆಂಬ ಕಡ್ಡಾಯ ಅವರಿಗಿಲ್ಲ. ಜಪಾನಿ ಮಗು ಶಾಲೆಗೆ ಬರದಿದ್ದರೆ ಮನೆಗೆ ಜನ ಬರುತ್ತಾರೆ. ಬ್ರೆಜಿಲಿನ ಮಗು ಬರದಿದ್ದರೆ ಎಷ್ಟೋ ಊರುಗಳಲ್ಲಿ ಯಾರೂ ಕೇಳುತ್ತಿರಲಿಲ್ಲ. ನಾನು ಹೇಳಿದ ತೂತು ಇದೇ.

ಹೋದ ಮಕ್ಕಳ ಪಾಡೂ ಸುಲಭ ಇರಲಿಲ್ಲ. ಬ್ರೆಜಿಲಿನಲ್ಲಿ ಹೆಣ್ಣುಮಗುವಿಗೆ ನಮ್ಮ ಹಾಗೇ ಎಳವೆಯಲ್ಲೇ ಕಿವಿ ಚುಚ್ಚಿಸಿ ಓಲೆ ಹಾಕುತ್ತಾರೆ. ಜಪಾನಿ ಶಾಲೆಯಲ್ಲಿ ಓಲೆ ಅಂದ್ರೆ ಪುಂಡಾಟಿಕೆಯ ಗುರುತು, ತೆಗಿ ಅಂತಾರೆ. ಪಾಠ ತಲೆಗೆ ಹತ್ತಲ್ಲ, ಸಹಪಾಠಿಗಳ ಕೀಟಲೆ ಬೇರೆ. ಮುಂದಿನ ವರ್ಷ ವಾಪಸ್ ಹೋಗ್ತೀವಿ ಅಂತ ಅಪ್ಪ ಅಮ್ಮ ಪ್ರತಿವರ್ಷ ಹೇಳುತ್ತಿದ್ದರು. ಕೆಲವರು ಪೋರ್ಚುಗೀಸಿನಲ್ಲಿ ಕಲಿಸುವ ಬ್ರೆಜಿಲ್ ಶಾಲೆಗಳಿಗೆ ಕಳಿಸಿದರು. ಅವಕ್ಕೆ ಸರ್ಕಾರದ ಹಣ ಹೆಚ್ಚಾಗಿ ಸಿಗುತ್ತಿರಲಿಲ್ಲ, ಹಾಗಾಗಿ ಫೀಸು ಜಾಸ್ತಿ. ಕೆಲಸ ಹೋದರೆ ಶಾಲೆಯೂ ಹೋಯಿತು. ಹೀಗೆ ಅತ್ತಿಂದಿತ್ತ ಓಡಾಡಿದ ಮಕ್ಕಳಲ್ಲಿ ಕೆಲವರಿಗೆ ಎರಡು ಭಾಷೆಯೂ ಅರ್ಧಂಬರ್ಧ. ಅಂಗಡಿಯಲ್ಲಿ ಮಾತಾಡುವಷ್ಟು ಬರುತ್ತೆ, ಪುಸ್ತಕ ಓದಿ ತಿಳಿಯುವಷ್ಟು ಬರಲ್ಲ. ಇಂಥವರನ್ನು ಕರೆಯೋಕೆ ಜಪಾನಿನಲ್ಲಿ 'ಡಬಲ್ ಲಿಮಿಟೆಡ್' ಅಂತ ಒಂದು ಪದವೇ ಬಳಕೆಗೆ ಬಂತು. ಹದಿನೈದು ಹದಿನಾರಕ್ಕೆ ಅವರೂ ಅಪ್ಪನ ಕಾರ್ಖಾನೆಯ ವ್ಯಾನ್ ಹತ್ತಿದರು.

ಮೊದಲು ಎಚ್ಚೆತ್ತದ್ದು ಊರಿನ ಆಡಳಿತಗಳು. 2001ರಲ್ಲಿ ಇಂಥ 13 ಊರುಗಳು ಹಮಾಮತ್ಸುವಿನಲ್ಲಿ ಸೇರಿ, ಮಕ್ಕಳ ಶಿಕ್ಷಣ, ಆರೋಗ್ಯ ವಿಮೆ, ನಿವಾಸಿಗಳ ನೋಂದಣಿ ಬಗ್ಗೆ ಏನಾದರೂ ಮಾಡಿ ಅಂತ ಕೇಂದ್ರ ಸರ್ಕಾರವನ್ನು ಒತ್ತಾಯಿಸಿದವು. ಕೇಂದ್ರ ಆಮೆಯ ಹಾಗೆ ನಡೆಯಿತು. ಅಷ್ಟರಲ್ಲಿ 2008ರ ಆರ್ಥಿಕ ಕುಸಿತ ಬಂತು. ಕಾರು ಕಂಪನಿಗಳು ಮೊದಲು ಕೈಬಿಟ್ಟದ್ದು ಗುತ್ತಿಗೆಯವರನ್ನು. ಕೆಲಸದ ಜೊತೆ ಗುತ್ತಿಗೆದಾರನ ಮನೆಯೂ ಹೋಯಿತು. 2009ರ ಏಪ್ರಿಲ್‌ನಲ್ಲಿ ಸರ್ಕಾರ ಒಂದು ಯೋಜನೆ ತಂದಿತು. ವಾಪಸ್ ಹೋಗುವ ಕೆಲಸಗಾರನಿಗೆ 3 ಲಕ್ಷ ಯೆನ್, ಅವನ ಕುಟುಂಬದವರಿಗೆ ತಲಾ 2 ಲಕ್ಷ ಯೆನ್. ಷರತ್ತು ಏನೆಂದರೆ, ಸದ್ಯಕ್ಕೆ ಅದೇ ವೀಸಾದ ಮೇಲೆ ತಿರುಗಿ ಬರುವಂತಿಲ್ಲ. 20 ಸಾವಿರಕ್ಕೂ ಹೆಚ್ಚು ಜನ ದುಡ್ಡು ತಗೊಂಡು ಹೋದರು. ಆ ನಿರ್ಬಂಧ ಸಡಿಲವಾಗಿದ್ದು 2013ರಲ್ಲಿ. ರಕ್ತಸಂಬಂಧ ಅಂತ ಕರೆಸಿಕೊಂಡವರನ್ನು ಟಿಕೆಟ್ ಕೊಟ್ಟು ಸಾಗಹಾಕಿದರಲ್ಲ ಅನ್ನೋ ನೋವು ಉಳಿದವರಲ್ಲಿ ಇವತ್ತಿಗೂ ಇದೆ. ಹೋದ ಮಕ್ಕಳಲ್ಲಿ ಎಷ್ಟೋ ಮಂದಿ ಜಪಾನಿನಲ್ಲೇ ಹುಟ್ಟಿದವರು. ಬ್ರೆಜಿಲ್ ಅವರಿಗೆ 'ವಾಪಸ್' ಹೋಗುವ ಊರೇ ಆಗಿರಲಿಲ್ಲ.

ಆಮೇಲೆ ಸ್ವಲ್ಪ ಸ್ವಲ್ಪ ಸುಧಾರಣೆ ಆಯಿತು. ಹಮಾಮತ್ಸು 2011ರಿಂದ, ಶಾಲೆಗೆ ಹೋಗದ ವಿದೇಶಿ ಮಗು ಒಂದೂ ಇರಬಾರದು ಅಂತ ಮನೆಮನೆ ಹುಡುಕಿತು. ದೇಶದ ಮಟ್ಟದಲ್ಲಿ ಶಿಕ್ಷಣ ಸಚಿವಾಲಯ ಮೊದಲ ಬಾರಿ ಲೆಕ್ಕ ಹಾಕಿದ್ದು 2019ರಲ್ಲಿ. ಸುಮಾರು 20 ಸಾವಿರ ವಿದೇಶಿ ಮಕ್ಕಳು ಶಾಲೆಯಲ್ಲಿ ಇಲ್ಲದಿರಬಹುದು, ಅಥವಾ ಎಲ್ಲಿದ್ದಾರೋ ಗೊತ್ತಿಲ್ಲ ಅಂತ ಬಂತು. ಬಾಗಿಲು ತೆರೆದ ಎಷ್ಟು ವರ್ಷದ ಮೇಲೆ ನೋಡಿ! ಅದೇ ವರ್ಷ ಜಪಾನಿ ಭಾಷೆ ಕಲಿಸುವ ಹೊಣೆ ಸರ್ಕಾರದ್ದು ಎಂಬ ಕಾನೂನು ಬಂತು. ಅದೇ ವರ್ಷದ ಏಪ್ರಿಲ್‌ನಿಂದ 'ನಿರ್ದಿಷ್ಟ ಕೌಶಲ'ದ ಹೊಸ ವೀಸಾ ಶುರುವಾಯಿತು. 2021ರಲ್ಲಿ ಭಾರತವೂ ಅದಕ್ಕೆ ಸಹಿ ಹಾಕಿದೆ. ಹಾಗಾಗಿ ನಮ್ಮವರೂ ಇನ್ನು ಮುಂದೆ ಐಟಿ ಕೆಲಸಕ್ಕೆ ಮಾತ್ರ ಅಲ್ಲಿಗೆ ಹೋಗುವುದಿಲ್ಲ, ವೃದ್ಧರ ಆರೈಕೆಗೂ, ಹೊಲಕ್ಕೂ ಹೋಗುತ್ತಾರೆ.

ಮತ್ತೆ ಆ ಪರಿಚಯದವರಿಗೆ ಫೋನ್ ಮಾಡಿದೆ. ಟೋಕಿಯೋದಲ್ಲಿ ಬಹಳ ಭಾರತೀಯರು ನೆಲೆಸಿರುವ ನಿಶಿ ಕಸಾಯ್ ಇದೆ, ಆ ಕಡೆ ಭಾರತೀಯ ಶಾಲೆಗಳೂ ಇವೆ, ಆದರೆ ಫೀಸು ಕೇಳಿಕೊಳ್ಳಿ ಅಂದೆ. ಸರ್ಕಾರಿ ಶಾಲೆ ಉಚಿತ, ಆದರೆ ವಾರ್ಡ್ ಕಚೇರಿಗೆ ನೀವಾಗಿಯೇ ಹೋಗಿ ಅರ್ಜಿ ಹಾಕಬೇಕು, ಅವರಾಗಿ ಬರುತ್ತಾರೆ ಅಂತ ಕಾಯಬೇಡಿ ಅಂದೆ. ಎಷ್ಟು ವರ್ಷ ಇರ್ತಾನೆ ನಿಮ್ಮ ಮಗ ಅಂತ ಕೇಳಿದೆ. "ಎರಡು ಮೂರು ವರ್ಷ ಅಷ್ಟೇ, ಆಮೇಲೆ ವಾಪಸ್ ಬಂದುಬಿಡ್ತಾನೆ" ಅಂದ್ರು. ಕಸಾತೊ ಮಾರು ಹತ್ತಿದವರೂ ಹಾಗೇ ಅಂದಿದ್ದರು ಅಂತ ಹೇಳಬೇಕೆನಿಸಿತು. ಹೇಳಲಿಲ್ಲ. ಎರಡೇ ವರ್ಷ ಅಂತ ಶಾಲೆ ವಿಷಯ ಮುಂದಕ್ಕೆ ಹಾಕಬೇಡಿ, ಹೋದ ತಿಂಗಳೇ ಸೇರಿಸಿ, ಮನೆಯಲ್ಲಿ ಕನ್ನಡ ಬಿಡಬೇಡಿ ಅಂತಷ್ಟೇ ಹೇಳಿದೆ.